ಕ್ಲಾಸ್-ಡಿ: ಅಂಗೈಯಗಲದ ಆಂಪ್ಲಿಫೈಯರ್ ಇಷ್ಟು ಚೆನ್ನಾಗಿ ಹಾಡುವುದು ಹೇಗೆ?

ಮೇಜಿನ ಮೇಲೆ ಎರಡು ಆಂಪ್ಲಿಫೈಯರ್‌ಗಳನ್ನು ಅಕ್ಕಪಕ್ಕ ಇಟ್ಟಿದ್ದೆ. ಒಂದು ಎರಡು ಕೈ ಹಾಕಿ ಎತ್ತಬೇಕಾದ ಹಳೆಯ ಪೆಟ್ಟಿಗೆ, ಅದರ ಬೆನ್ನಿಗೆ ಬಾಚಣಿಗೆ ಹಲ್ಲಿನಂಥ ಅಲ್ಯೂಮಿನಿಯಂ ಹೀಟ್‌ಸಿಂಕ್. ಇನ್ನೊಂದು ಇಸ್ಪೀಟು ಕಟ್ಟಿನಷ್ಟು. ಎಷ್ಟು ಹಗುರ ಎಂದರೆ, ದಪ್ಪ ಸ್ಪೀಕರ್ ವೈರು ಸಿಕ್ಕಿಸಿದ ಕೂಡಲೇ ವೈರಿನ ಬಿಗಿತಕ್ಕೆ ಅದರ ಮುಂಗಾಲು ಮೇಜು ಬಿಟ್ಟು ಮೇಲೆದ್ದಿತು. ಸ್ಪೀಕರ್ ಅದೇ, ಹಾಡೂ ಅದೇ. ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟೇಜನ್ನೂ ಸಮ ಮಾಡಿಕೊಂಡು, ಬದಲಾಯಿಸುವ ಕೆಲಸವನ್ನು ಗೆಳೆಯನಿಗೆ ಬಿಟ್ಟು, ಗೋಡೆಗೆ ಮುಖ ಮಾಡಿ ಕೂತೆ. ಯಾವುದು ಯಾವುದೆಂದು ಹೇಳಲು ನನ್ನಿಂದ ಆಗಲಿಲ್ಲ. ಹೇಳಿದ್ದರಲ್ಲಿ ಅರ್ಧ ತಪ್ಪು. ಅಂದರೆ ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಅಂಕ ಬರುತ್ತಿತ್ತು.

ಆ ಪುಟ್ಟ ಪೆಟ್ಟಿಗೆಯ ಹಿಂದೆ ಅಚ್ಚಾಗಿದ್ದ ಪದ ‘ಕ್ಲಾಸ್-ಡಿ’. ಈ ಡಿ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಡಿ ಅಂದರೆ ಡಿಜಿಟಲ್ ಎಂಬುದು ಒಂದು. ಎ, ಬಿ, ಸಿ ಆದಮೇಲಿನ ಕೊನೆಯ ದರ್ಜೆ, ಅಗ್ಗದ ಮಾಲು ಎಂಬುದು ಇನ್ನೊಂದು. ಎರಡೂ ಅಲ್ಲ. ಎ, ಬಿ, ಸಿ ಎಂಬ ಹೆಸರುಗಳು ಆಗಲೇ ಬೇರೆ ವಿನ್ಯಾಸಗಳಿಗೆ ಹೋಗಿದ್ದವು, ಸಾಲಿನಲ್ಲಿ ಮುಂದಿನ ಅಕ್ಷರ ಡಿ. ಅಷ್ಟೇ ಕಥೆ.

‘ವರ್ಧಕ’ ಎಂಬ ನಮ್ಮ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಅದನ್ನು ಕೇಳಿದರೆ ಒಳಗೆ ಬಂದ ಸಣ್ಣ ಸಿಗ್ನಲ್ಲೇ ಹಿಗ್ಗಿ ದೊಡ್ಡದಾಗಿ ಹೊರಬರುತ್ತದೆ ಅನ್ನಿಸುತ್ತದೆ. ನಿಜಕ್ಕೂ ಬಂದ ಸಿಗ್ನಲ್ ಸ್ಪೀಕರಿನವರೆಗೆ ಹೋಗುವುದೇ ಇಲ್ಲ. ಅದು ನಲ್ಲಿಯ ಮೇಲಿಟ್ಟ ಕೈ ಇದ್ದ ಹಾಗೆ. ಪವರ್ ಸಪ್ಲೈ ಎಂಬ ತೊಟ್ಟಿಯಿಂದ ಎಷ್ಟು ಹರಿಯಬೇಕು ಎಂದು ಆ ಕೈ ತೀರ್ಮಾನಿಸುತ್ತದೆ. ಸ್ಪೀಕರನ್ನು ಕುಣಿಸುವುದು ತೊಟ್ಟಿಯ ನೀರು. ಎ, ಬಿ, ಡಿ ಎಂಬ ಭೇದವೆಲ್ಲ ಈ ನಲ್ಲಿಯನ್ನು ತಿರುಗಿಸುವ ಬಗೆಯಲ್ಲಿರುವುದು.

ಹಳೆಯ ಬಗೆಯಲ್ಲಿ ನಲ್ಲಿ ಸದಾ ಅರೆ ತೆರೆದಿರುತ್ತದೆ. ಸಪ್ಲೈ 30 ವೋಲ್ಟ್ ಇದ್ದು, ಈ ಗಳಿಗೆಯಲ್ಲಿ ಸ್ಪೀಕರಿಗೆ ಬೇಕಾದ್ದು 10 ವೋಲ್ಟ್ ಎನ್ನಿ. ಉಳಿದ 20 ಎಲ್ಲಿಗೆ ಹೋಗಬೇಕು? ನಲ್ಲಿಯ ಕೆಲಸ ಮಾಡುವ ಟ್ರಾನ್ಸಿಸ್ಟರಿನ ತಲೆಯ ಮೇಲೆಯೇ ಬೀಳುತ್ತದೆ. ಸ್ಪೀಕರಿಗೆ ಹರಿಯುವ ಕರೆಂಟೆಲ್ಲ ಅದರ ಮೂಲಕವೇ ಸಾಗಬೇಕಾದ್ದರಿಂದ 20 ವೋಲ್ಟಿನ ಪಾಲು ಪೂರ್ತಿ ಬಿಸಿಯಾಗುತ್ತದೆ. ಕ್ಲಾಸ್-ಎ ವಿನ್ಯಾಸದಲ್ಲಿ ಲೆಕ್ಕದ ಪ್ರಕಾರವೇ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಸ್ಪೀಕರಿಗೆ ಸಿಗದು. ಕ್ಲಾಸ್-ಬಿಗೆ ಮಿತಿ ಶೇ 78.5, ಅದೂ ಪೂರ್ತಿ ಜೋರಿನಲ್ಲಿ ಮಾತ್ರ. ಮನೆಯಲ್ಲಿ ಕೇಳುವ ಮೆಲುದನಿಯಲ್ಲಿ ಇದರ ಹತ್ತಿರಕ್ಕೂ ಬರುವುದಿಲ್ಲ. ಆ ಬಿಸಿಯನ್ನು ಹೊರಹಾಕಲು ಹೀಟ್‌ಸಿಂಕ್ ಬೇಕು. ಪೋಲಾಗುವುದನ್ನೂ ಸೇರಿಸಿ ವಿದ್ಯುತ್ ಒದಗಿಸಲು ದಪ್ಪ ಟ್ರಾನ್ಸ್‌ಫಾರ್ಮರ್ ಬೇಕು. ಎರಡನ್ನೂ ಹೊರಲು ಗಟ್ಟಿ ಪೆಟ್ಟಿಗೆ ಬೇಕು. ಹಳೆಯ ಆಂಪ್ಲಿಫೈಯರಿಗೆ ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಈ ಲೋಹಕ್ಕೆ ಸಂದಿತ್ತು, ಸಂಗೀತಕ್ಕಲ್ಲ.

ಕ್ಲಾಸ್-ಡಿ ಅರೆ ತೆರೆಯುವ ಗೋಜಿಗೇ ಹೋಗುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಇಸ್ತ್ರಿಪೆಟ್ಟಿಗೆಗಿಂತ ಒಳ್ಳೆಯ ಮೇಷ್ಟ್ರು ನನಗೆ ಸಿಕ್ಕಿಲ್ಲ. ಗುಂಡಿಯನ್ನು ರೇಷ್ಮೆಗೆ ತಿರುಗಿಸಿದರೆ ಅದು ಕರೆಂಟನ್ನು ತಗ್ಗಿಸುವುದಿಲ್ಲ. ಸ್ವಲ್ಪ ಹೊತ್ತು ಪೂರ್ತಿ ಹರಿಸುತ್ತದೆ, ಆಮೇಲೆ ಪೂರ್ತಿ ನಿಲ್ಲಿಸುತ್ತದೆ. ಪುಟ್ಟ ದೀಪ ಆಗಾಗ ಹತ್ತಿ ಆರುವುದು ಅದಕ್ಕೇ. ಹಾಗಿದ್ದೂ ಬಟ್ಟೆಗೆ ತಾಗುವ ಬಿಸಿ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ, ಏಕೆಂದರೆ ತಳದ ಲೋಹ ಈ ಏರಿಳಿತವನ್ನು ನುಂಗಿಕೊಳ್ಳುತ್ತದೆ.

ಆಂಪ್ಲಿಫೈಯರಿನಲ್ಲಿ ಇದೇ ಕೆಲಸ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡೆಯುತ್ತದೆ. 4 ಲಕ್ಷ ಎಂದಿಟ್ಟುಕೊಳ್ಳಿ. ಮೌನವಿದ್ದಾಗ ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್. ಸಂಗೀತದ ಅಲೆ ಮೇಲೇರಿದಂತೆ ಆನ್ ಆಗಿರುವ ಹೊತ್ತು ಅಗಲವಾಗುತ್ತದೆ, ಕೆಳಗಿಳಿದಂತೆ ಕಿರಿದಾಗುತ್ತದೆ. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಒಂದು ಸ್ವರ ತೆಗೆದುಕೊಂಡರೆ, ಅದರ ಒಂದೊಂದು ಕಂಪನವನ್ನೂ 400 ತುಣುಕುಗಳು ಸೇರಿ ಬಿಡಿಸುತ್ತವೆ. ಸ್ಪೀಕರಿಗೆ ಹೋಗುವ ಮುಂಚೆ ಒಂದು ತಂತಿ ಸುರುಳಿ, ಒಂದು ಕೆಪಾಸಿಟರ್. ಇಸ್ತ್ರಿಪೆಟ್ಟಿಗೆಯ ತಳದ ಲೋಹದಂತೆ ಇವು ತುಣುಕುಗಳನ್ನು ನುಣುಪು ಮಾಡಿ ಸರಾಸರಿಯನ್ನಷ್ಟೇ ಮುಂದೆ ಬಿಡುತ್ತವೆ. ಆ ಸರಾಸರಿಯೇ ಹಾಡು. ತುಣುಕಿನ ಅಗಲ ಇಷ್ಟೇ ಇರಬೇಕೆಂಬ ಮೆಟ್ಟಿಲುಗಳಿಲ್ಲ, ಎಷ್ಟು ಬೇಕಾದರೂ ಇರಬಹುದು. ಆದ್ದರಿಂದಲೇ ಇದು ಡಿಜಿಟಲ್ ಅಲ್ಲ ಎಂದದ್ದು.

ಬಿಸಿ ಏಕೆ ಇಲ್ಲ ಎನ್ನುವುದು ಈಗ ಸುಲಭ. ಬಿಸಿ ಅಂದರೆ ಟ್ರಾನ್ಸಿಸ್ಟರಿನ ಮೇಲೆ ನಿಂತ ವೋಲ್ಟೇಜು ಗುಣಿಸು ಅದರಲ್ಲಿ ಹರಿಯುವ ಕರೆಂಟು. ಪೂರ್ತಿ ಆನ್ ಇದ್ದಾಗ ವೋಲ್ಟೇಜು ಹೆಚ್ಚುಕಡಿಮೆ ಸೊನ್ನೆ. ಪೂರ್ತಿ ಆಫ್ ಇದ್ದಾಗ ಕರೆಂಟು ಸೊನ್ನೆ. ಎರಡರಲ್ಲಿ ಯಾವುದೇ ಒಂದು ಸೊನ್ನೆಯಾದರೂ ಗುಣಲಬ್ಧ ಸೊನ್ನೆಯೇ ತಾನೆ? ಸ್ವಿಚ್ಚು ಮಗುಚುವ ಗಳಿಗೆಯ ನಷ್ಟ ಮುಂತಾದವನ್ನು ಕಳೆದರೂ ಇಂದಿನ ಚಿಪ್‌ಗಳು ಜೋರಾಗಿ ಹಾಡುವಾಗ ಶೇ 90ರ ಆಸುಪಾಸಿನ ದಕ್ಷತೆ ಮುಟ್ಟುತ್ತವೆ.

ಐಡಿಯಾ ಹೊಸದೇನಲ್ಲ. ಬ್ರಿಟನ್ನಿನ ಸಿಂಕ್ಲೇರ್ ರೇಡಿಯಾನಿಕ್ಸ್ 1964ರಲ್ಲೇ ಎಕ್ಸ್-10 ಎಂಬ ಕ್ಲಾಸ್-ಡಿ ಕಿಟ್ ಮಾರಿತ್ತು. ಹೆಸರಿನಲ್ಲಿ 10 ಇದ್ದರೂ ಹೊರಗೆ ಬರುತ್ತಿದ್ದದ್ದು 2.5 ವ್ಯಾಟ್. ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿಗೆ ಇಷ್ಟು ಚುರುಕಾಗಿ ಆನ್-ಆಫ್ ಆಗಲು ಬರುತ್ತಿರಲಿಲ್ಲ. ಮಾಸ್‌ಫೆಟ್ ಎಂಬ ವೇಗದ ಟ್ರಾನ್ಸಿಸ್ಟರುಗಳು ಬರುವವರೆಗೂ ಐಡಿಯಾ ಕಾಯುತ್ತಾ ಕೂತಿತು. 1998ರಲ್ಲಿ ಅಮೆರಿಕದ ಟ್ರೈಪಾತ್ ಕಂಪನಿ ಟಿಎ2020 ಎಂಬ ಚಿಪ್ ತಂದಿತು. ತನ್ನ ಬಗೆಗೆ ‘ಕ್ಲಾಸ್-ಟಿ’ ಎಂದು ಹೆಸರಿಟ್ಟುಕೊಂಡಿತು. ಅದು ಕ್ಲಾಸ್-ಡಿಯದೇ ಒಂದು ರೂಪ. ಟಿ ಅವರ ಮಾರಾಟದ ಮುದ್ರೆ. ಅದೇ ಮನೆತನದ ಟಿಎ2024 ಚಿಪ್ ಹೊಟ್ಟೆಯಲ್ಲಿಟ್ಟುಕೊಂಡು, ಪೆನ್‌ಸೆಲ್‌ಗಳಲ್ಲೂ ಓಡುತ್ತಿದ್ದ ಸೋನಿಕ್ ಇಂಪ್ಯಾಕ್ಟ್ ಟಿ-ಆಂಪ್ ಎಂಬ ಪ್ಲಾಸ್ಟಿಕ್ ಡಬ್ಬಿ ಬಂದಾಗ, ದುಬಾರಿ ಸಲಕರಣೆಗಳ ವಿಮರ್ಶಕರೇ ಬೆರಗಾಗಿ ಬರೆದರು. ಟ್ರೈಪಾತ್ 2007ರಲ್ಲಿ ದಿವಾಳಿಯಾಯಿತು. ಎರಡು ವರ್ಷದ ನಂತರ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಜಗತ್ತನ್ನು ಅಲುಗಿಸಿದ 25 ಚಿಪ್‌ಗಳ ಪಟ್ಟಿ ಮಾಡಿದಾಗ ಅದರಲ್ಲಿ ಟಿಎ2020ಕ್ಕೂ ಜಾಗ ಸಿಕ್ಕಿತು. ಈಗ ಸಣ್ಣ ಪೆಟ್ಟಿಗೆಗಳ ಒಳಗೆ ಹೆಚ್ಚಾಗಿ ಕಾಣುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116. ಬೆರಳುಗುರಿನಷ್ಟು ಬೋರ್ಡುಗಳಲ್ಲಾದರೆ 5 ವೋಲ್ಟಿನಲ್ಲಿ ಓಡುವ ಪಿಎಎಂ8403.

ಅಗ್ಗವಾದದ್ದು ಸರಿ, ಚೆನ್ನಾಗಿ ಏಕೆ ಕೇಳಿಸುತ್ತದೆ? ಕೇಳುವವರ ಅಗತ್ಯ ನಾವಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ಸಾಧಾರಣ ಸ್ಪೀಕರೊಂದು 1 ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, 88 ಡೆಸಿಬೆಲ್ ಸದ್ದು ಕೊಡುತ್ತದೆ ಎನ್ನಿ. ಅದೇ ಜೋರಾಯಿತು, ಪಕ್ಕದವರ ಜತೆ ಮಾತಾಡಲು ಗಂಟಲು ಏರಿಸಬೇಕು. ಕೋಣೆಯಲ್ಲಿ ಕೇಳುವಾಗ ಹೆಚ್ಚು ಹೊತ್ತು 1 ವ್ಯಾಟಿನೊಳಗೇ ಇರುತ್ತೇವೆ. ತಬಲಾದ ಏಟಿಗೋ ಡ್ರಮ್ಮಿಗೋ ಒಂದು ಕ್ಷಣ ಹತ್ತು ವ್ಯಾಟು ಬೇಕಾಗಬಹುದು. ಟಿಎ2020ರ ಡೇಟಾಶೀಟ್ 10 ವ್ಯಾಟಿನಲ್ಲಿ ಹೇಳುವ ಡಿಸ್ಟಾರ್ಷನ್, ಅಂದರೆ ಮೂಲ ಸದ್ದಿಗೆ ಬೆರೆಯುವ ಕೊಳೆ, ಶೇ 0.03. ಆಂಪ್ಲಿಫೈಯರಿನ ಮುಂದಿರುವ ಸ್ಪೀಕರ್ ಮಂದ್ರದಲ್ಲಿ ಶೇ 1 ದಾಟುವುದು ಸಾಮಾನ್ಯ ಸಂಗತಿ. ಅಂದಮೇಲೆ ಕಿವಿಗೆ ಬೀಳುವ ಕೊಳೆ ಬಹುಪಾಲು ಸ್ಪೀಕರಿನದು, ಕೋಣೆಯದು. ದುಡ್ಡು ಸುರಿಯುವುದಿದ್ದರೆ ಅಲ್ಲಿ ಸುರಿಯಬೇಕು.

ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟನ್ನು ಮಾತ್ರ ನಂಬಬೇಡಿ. ‘50+50’ ಎಂದಿದ್ದು ಜತೆಗೆ 12 ವೋಲ್ಟ್, 2 ಆಂಪಿಯರಿನ ಅಡಾಪ್ಟರ್ ಕೊಟ್ಟಿದ್ದರೆ, ಗುಣಿಸಿ ನೋಡಿ: ಗೋಡೆಯಿಂದ ಬರುವುದೇ 24 ವ್ಯಾಟ್. ತೊಟ್ಟಿಯಲ್ಲಿಲ್ಲದ್ದು ನಲ್ಲಿಗೆ ಎಲ್ಲಿಂದ ಬಂದೀತು? 12 ವೋಲ್ಟಿನಲ್ಲಿ 8 ಓಮ್ ಸ್ಪೀಕರಿಗೆ ಅಲೆಯ ನೆತ್ತಿ ಕತ್ತರಿಸದೆ ಸಿಗುವುದು ಹೆಚ್ಚೆಂದರೆ 9 ವ್ಯಾಟ್, 4 ಓಮಿಗೆ 18. ಟಿಪಿಎ3116ರ 50 ವ್ಯಾಟಿನ ಲೆಕ್ಕ 21 ವೋಲ್ಟ್ ಕೊಟ್ಟಾಗ, 4 ಓಮ್ ಸ್ಪೀಕರಿಗೆ. ಹೀಗೆ ಬರೆಯುವ ದೊಡ್ಡ ಸಂಖ್ಯೆಗಳು ಬಹಳಷ್ಟು ಸಲ ಶೇ 10 ಡಿಸ್ಟಾರ್ಷನ್ ಬರುವವರೆಗೂ ಹಿಂಡಿ ಅಳೆದವು.

ಅಗ್ಗದ ಗುರುತು ಕಾಣುವುದು ಚಿಪ್ಪಿನಲ್ಲಲ್ಲ, ಅದರ ಸುತ್ತ. ವಾಲ್ಯೂಮ್ ಗುಂಡಿಯನ್ನು ತೀರಾ ಕೆಳಗಿಟ್ಟಾಗ ಎಡಗಡೆ ಮಾತ್ರ ಹಾಡಿ ಬಲಗಡೆ ಸುಮ್ಮನಿರುತ್ತದೆ. ಸ್ವಿಚ್ ಹಾಕಿದಾಗ ‘ಡಬ್’ ಎನ್ನುತ್ತದೆ. ಕಿವಿ ಹತ್ತಿರ ತಂದರೆ ‘ಸ್’ ಎಂಬ ಸಣ್ಣ ಹಿಸ್ಸು. ತಂತಿ ಸುರುಳಿಯಲ್ಲಿ ಜಿಪುಣತನ ಮಾಡಿದ್ದರೆ ಜೋರಿನಲ್ಲಿ ಮಂದ್ರ ಕೆಡುತ್ತದೆ. ಆ ಸುರುಳಿ-ಕೆಪಾಸಿಟರ್ ಜೋಡಿಯನ್ನು 4 ಓಮಿಗೆ ಲೆಕ್ಕ ಹಾಕಿ ನಾವು 8 ಓಮ್ ಹಾಕಿದರೆ ತಾರದ ತುದಿ ಕೊಂಚ ಎತ್ತಿ ಕೇಳಿಸುತ್ತದೆ. ‘ಆಹಾ, ಎಷ್ಟು ಸ್ಪಷ್ಟ!’ ಎಂದು ಕೆಲವರು ಮೆಚ್ಚುವುದು ಈ ದೋಷವನ್ನೇ ಇರಬಹುದು ಎಂಬ ಗುಮಾನಿ ನನಗಿದೆ. ಹೆಸರು ಉಜ್ಜಿ ಬೇರೆ ಹೆಸರು ಬರೆದ ನಕಲಿ ಚಿಪ್‌ಗಳ ಕಾಟ ಬೇರೆ.

ಕೊನೆಗೊಂದು ಎಚ್ಚರಿಕೆ, ಕೈ ಸುಟ್ಟುಕೊಂಡು ಕಲಿತದ್ದು. ಮೊದಲಲ್ಲಿ ಹೇಳಿದ ಪರೀಕ್ಷೆಗೆ ಬಳಸಿದ್ದು ನನ್ನ ಎರಡನೆಯ ಪುಟ್ಟ ಪೆಟ್ಟಿಗೆ. ಮೊದಲನೆಯದರ ಹೊತ್ತಿಗೆ ಎರಡೂ ಆಂಪ್ಲಿಫೈಯರ್‌ಗಳನ್ನು ಬೇಗ ಬದಲಾಯಿಸಲೆಂದು ಒಂದು ಸ್ವಿಚ್ ಡಬ್ಬಿ ಮಾಡಿಕೊಂಡಿದ್ದೆ. ಸೋಮಾರಿತನದಿಂದ ಕಪ್ಪು ವೈರುಗಳನ್ನೆಲ್ಲ ಒಂದೇ ಕಡೆ ಬೆಸೆದೆ. ಹಳೆಯ ಪೆಟ್ಟಿಗೆಯಲ್ಲಿ ಕಪ್ಪು ವೈರು ಬರೀ ನೆಲ, ಅಂದರೆ ಸೊನ್ನೆ ವೋಲ್ಟ್. ಈ ಪುಟ್ಟವುಗಳಲ್ಲಿ ಹಾಗಲ್ಲ. ಇದ್ದ 12 ವೋಲ್ಟಿನಲ್ಲೇ ಹೆಚ್ಚು ಶಕ್ತಿ ತೆಗೆಯಲು ಕೆಂಪು, ಕಪ್ಪು ಎರಡೂ ತುದಿಗಳನ್ನು ಚಿಪ್ಪೇ ಎದುರುಬದುರಾಗಿ ನೂಕುತ್ತದೆ. ಕಪ್ಪು ತುದಿಯಲ್ಲೂ ಸರಾಸರಿ 6 ವೋಲ್ಟ್ ಕೂತಿರುತ್ತದೆ. ಅದನ್ನು ನಾನು ನೇರ ನೆಲಕ್ಕೆ ಕಟ್ಟಿದ್ದೆ. ‘ಟಪ್’ ಎಂಬ ಸಣ್ಣ ಸದ್ದು, ಸುಟ್ಟ ಅಂಟಿನ ವಾಸನೆ. ಬಿಚ್ಚಿ ನೋಡಿದರೆ ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ತೂತು.