ಓದು ಬಾರದ್ದಕ್ಕೆ ಮನೆ ಭಾಷೆಯೇ ಕಾರಣವಾ?

ಕೊಡಗಿನ ಸರ್ಕಾರಿ ಶಾಲೆಯ ಒಂದೇ ಕ್ಲಾಸಿನಲ್ಲಿ ಎಷ್ಟೋ ಭಾಷೆಗಳಿರುತ್ತವೆ. ಒಂದು ಮಗುವಿನ ಮನೆಯಲ್ಲಿ ಕೊಡವ ತಕ್ಕ್, ಇನ್ನೊಂದರ ಮನೆಯಲ್ಲಿ ಅರೆಭಾಷೆ. ತೋಟದ ಲೈನ್ ಮನೆಯಿಂದ ಬರುವ ಮಗುವಿಗೆ ಯರವ ಭಾಷೆಯೋ ಮಲಯಾಳವೋ ಇರಬಹುದು. ಹಾಗಾಗಿ ಯಾರಾದರೂ ಓದುವಾಗ ತಡವರಿಸಿದರೆ "ಮನೆ ಭಾಷೆ ಬೇರೆ, ನಿಧಾನಕ್ಕೆ ಸರಿಹೋಗುತ್ತೆ" ಎಂದು ಸಮಾಧಾನ ಹೇಳಿಬಿಡುತ್ತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ನಿಜವಾಗಿ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದರಲ್ಲೇ ತೊಡಕು, ಇರುವ ಮಗು ಇದೇ ಸಮಾಧಾನದ ಹಿಂದೆ ವರ್ಷಗಟ್ಟಲೆ ಮರೆಯಾಗಿ ಉಳಿಯುತ್ತದೆ.

ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. 1896ರಲ್ಲೇ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಹುಡುಗ ಚುರುಕು, ಓದು ಮಾತ್ರ ಹತ್ತದು. ಮಾತು ಮನುಷ್ಯನಿಗೆ ಬಹಳ ಹಳೆಯದು. ಬರಹಕ್ಕೆ ಸುಮಾರು ಐದು ಸಾವಿರ ವರ್ಷ ಅಷ್ಟೇ. ಹಾಗಾಗಿ ಓದುವುದಕ್ಕೆಂದೇ ಮೆದುಳಿನಲ್ಲಿ ಹುಟ್ಟಿನಿಂದ ಜಾಗ ಇಲ್ಲ. ನೋಡುವ ಭಾಗವನ್ನೂ ಸದ್ದು ಗುರುತಿಸುವ ಭಾಗವನ್ನೂ ಪ್ರತಿ ಮಗು ಹೊಸದಾಗಿ ಜೋಡಿಸಿಕೊಳ್ಳಬೇಕು. ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಿಗೆ ಕಷ್ಟವಾಗುವುದು ಪದದ ಒಳಗಿನ ಸದ್ದುಗಳನ್ನು ಬಿಡಿಸಿ ಹಿಡಿಯುವುದು.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನ ಗೋಜಲು ಇಲ್ಲ ಎಂದು ನಾವು ಹೆಮ್ಮೆಪಡುತ್ತೇವೆ, ಅಲ್ವಾ? ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. 'ಸೂರ್ಯ' ಪದವನ್ನೇ ನೋಡಿ. ರ್ ಸದ್ದು ಮೊದಲು ಬರುತ್ತದೆ, ಅರ್ಕಾವೊತ್ತು ಮಾತ್ರ ಯ ಆದಮೇಲೆ ಬಂದು ಕೂರುತ್ತದೆ. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಮಾಡಿದ ಸಂಶೋಧನೆಯ ಪ್ರಕಾರ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಇಂಗ್ಲಿಷಿಗಿಂತ ಜಾಸ್ತಿ ವರ್ಷ ಬೇಕು. ಅಂದರೆ ಎರಡನೇ ಕ್ಲಾಸಿನ ಮಗು ಒತ್ತಕ್ಷರ ತಪ್ಪಿದರೆ ಗಾಬರಿ ಬೇಡ. ನಾಲ್ಕನೇ ಕ್ಲಾಸಿನಲ್ಲೂ ಸರಳ ಪದವನ್ನು ಊಹೆಯ ಮೇಲೆ ಓದುತ್ತಿದ್ದರೆ ಸುಮ್ನೆ ಕಾಯುವುದು ಸರಿಯಲ್ಲ.

ಭಾಷೆಯ ತೊಡಕೋ, ಡಿಸ್ಲೆಕ್ಸಿಯಾವೋ? ಇದಕ್ಕೊಂದು ಸುಳಿವು ಮನೆಯಲ್ಲೇ ಸಿಗುತ್ತದೆ. ಪುಸ್ತಕ ಮುಚ್ಚಿಡಿ. ಮಗು ದಿನವೂ ಆಡುವ ಭಾಷೆಯಲ್ಲೇ ಸದ್ದಿನ ಆಟ ಆಡಿ. 'ಮಡಿಕೇರಿ'ಯಲ್ಲಿ ಮೊದಲನೆಯದು ಬಿಟ್ಟು ಹೇಳು ಎಂದರೆ 'ಡಿಕೇರಿ' ಬರುತ್ತದಾ? ಪ್ರಾಸ ಹೊಂದುವ ಪದ ಹೊಳೆಯುತ್ತದಾ? ಮನೆ ಮಾತಿನಲ್ಲಿ ಇದೆಲ್ಲ ಸರಾಗವಾಗಿ ಬಂದು ಕನ್ನಡ ಪುಸ್ತಕದಲ್ಲಿ ಮಾತ್ರ ಎಡವಿದರೆ, ಭಾಷೆಗೆ ಇನ್ನಷ್ಟು ಸಮಯ ಕೊಡಿ. ಮನೆ ಮಾತಿನಲ್ಲೂ ಸದ್ದು ಕೈಗೆ ಸಿಗದಿದ್ದರೆ ತಜ್ಞರಿಗೆ ತೋರಿಸಬೇಕು. ಇದು ಪರೀಕ್ಷೆಯಲ್ಲ, ಸುಳಿವು ಮಾತ್ರ. ಸರಿಯಾದ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮನೆಯಲ್ಲಿ ಯಾವ ಭಾಷೆ ಎಂದು ಅಲ್ಲಿ ಮೊದಲೇ ಹೇಳಿ.

ಇನ್ನು ಶಾಲೆಯಲ್ಲಿ ಕೇಳುವ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾ ಸೇರಿದ ಕಲಿಕಾ ನ್ಯೂನತೆಯೂ ಒಂದು. 1995ರ ಕಾಯ್ದೆಯಲ್ಲಿ ಇದು ಇರಲಿಲ್ಲ. ಹೊಸ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಇಂಥ ತೊಂದರೆಯನ್ನು ಬೇಗ ಗುರುತಿಸುವುದು ಶಾಲೆಯದೇ ಹೊಣೆ. ಹೆಡ್ ಮಾಸ್ಟರ ಹತ್ತಿರ ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆದು ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. "ಓದಲ್ಲ" ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಪದವನ್ನು ಏನೆಂದು ಓದಿತು ಎಂಬ ಪಟ್ಟಿಯನ್ನೂ ಬರಹದ ಪುಸ್ತಕದ ಎರಡು ಹಾಳೆಯನ್ನೂ ಜೊತೆಗಿಡಿ. ವಿಶೇಷ ಅಗತ್ಯದ ಮಕ್ಕಳಿಗಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರು ಬಂದು ನೋಡಲಿ ಎಂದು ಅರ್ಜಿಯಲ್ಲೇ ಕೇಳಿ. ಶಾಲೆ ಸುಮ್ಮನಿದ್ದರೆ ಅದೇ ಕಾಗದ ಬಿಇಒ ಕಚೇರಿಗೆ ಹೋಗಲಿ.

ಏನು ಕೇಳಬೇಕು? ಮೊದಲು ಪಾಠದ ಕ್ರಮ. ಸದ್ದಿಗೂ ಅಕ್ಷರಕ್ಕೂ ಇರುವ ನಂಟನ್ನು ಒಂದೊಂದಾಗಿ, ಮತ್ತೆ ಮತ್ತೆ, ಸಣ್ಣ ಗುಂಪಿನಲ್ಲಿ ಹೇಳಿಕೊಡಬೇಕು. ಫಲ ಕೊಡುವುದು ಇದೇ, ಇಂಪೊಸಿಷನ್ ಬರೆಸುವುದಲ್ಲ. ಪರೀಕ್ಷೆಗೆ ಹೆಚ್ಚು ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ 17ನೇ ಸೆಕ್ಷನ್‌ನಲ್ಲಿವೆ. ಈ ಭಾಷಾ ವಿನಾಯಿತಿಗೆ ಮೂರನೇ ಕ್ಲಾಸಿನಲ್ಲೇ ಕೈ ಚಾಚುವುದು ನನಗೆ ಒಪ್ಪಿಗೆಯಿಲ್ಲ. ಕಲಿಸುವ ಕಷ್ಟ ತಪ್ಪಿತೆಂದು ಶಾಲೆಯೂ ಕೂಡಲೇ ಹೂಂ ಎಂದೀತು. ಹೈಸ್ಕೂಲಿನ ಮಾತು ಬೇರೆ. ಅಲ್ಲಿ ಎಸ್‌ಎಸ್‌ಎಲ್‌ಸಿ ವರ್ಷದ ಜನವರಿಯಲ್ಲಿ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಓಡಾಡಿದರೆ ಕೆಲಸ ಆಗುವುದಿಲ್ಲ. ಎಂಟನೇ ಕ್ಲಾಸಿನಲ್ಲೇ ಕಾಗದಪತ್ರ ಶುರು ಮಾಡಿ.