‘ಎಲ್ಲಾ ಪಾಸ್’ ಅಂದ್ರೆ ಎಷ್ಟು?

ಸೋಮವಾರ ಬೆಳಿಗ್ಗೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಆಫೀಸಿಗೆ ಇನ್ನೂ ಕಾಫಿ ಬಂದಿರಲಿಲ್ಲ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಬಂದು, ‘ಸರ್, ರಾತ್ರಿ ಬಿಲ್ಡ್ ಎಲ್ಲಾ ಗ್ರೀನ್. ಫೇಲ್ ಒಂದೂ ಇಲ್ಲ’ ಅಂದ. ನಾನು ಸುಮ್ನೆ ಕೇಳಿದೆ, ‘ಎಷ್ಟು ಟೆಸ್ಟ್ ಓಡಿದ್ವು?’ ಟೆಸ್ಟ್ ಅಂದರೆ ನಾವು ಬರೆದ ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯೇ ಅಂತ ನೋಡುವ ಪುಟ್ಟ ಪ್ರೋಗ್ರಾಂ. ರಾತ್ರಿ ಬಿಲ್ಡ್ ಅಂದರೆ ಕೋಡನ್ನೆಲ್ಲ ಜೋಡಿಸಿ ಈ ಟೆಸ್ಟ್‌ಗಳನ್ನು ಓಡಿಸುವುದು. ಫೇಲ್ ಇಲ್ಲದಿದ್ದರೆ ಹಸಿರು, ಇದ್ದರೆ ಕೆಂಪು.

ಲ್ಯಾಪ್‌ಟಾಪ್ ತೆರೆದು ನೋಡಿದ. ‘188 ಸರ್.’

ಶುಕ್ರವಾರ ಸಂಜೆ 231 ಇದ್ದವು. ಎರಡು ದಿನದಲ್ಲಿ 43 ಟೆಸ್ಟ್ ಎಲ್ಲಿ ಹೋದವು?

ನಾವು ಬರೆಯುತ್ತಿದ್ದದ್ದು ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್‌ನ ಸಾಫ್ಟ್‌ವೇರ್. ಗಾಡಿ ತುಂಬಿ ಬಂದಾಗ ಒಂದು ತೂಕ, ಕಬ್ಬು ಇಳಿಸಿ ಖಾಲಿ ಹೊರಟಾಗ ಇನ್ನೊಂದು. ಕಳೆದರೆ ಉಳಿಯುವುದೇ ರೈತನ ದುಡ್ಡು. ಕಾಣೆಯಾದ 43 ಟೆಸ್ಟ್‌ಗಳೂ ಖಾಲಿ ಗಾಡಿಯ ತೂಕಕ್ಕೆ ಸೇರಿದವು! ಹುಡುಕಿದರೆ ಕಾರಣ ಬಲು ಸಣ್ಣದು. ಯಾರೋ ಫೈಲ್‌ಗಳನ್ನು ಓರಣ ಮಾಡಲು ಹೋಗಿ ಒಂದರ ಹೆಸರಿನ ಕೊನೆಗೆ ‘ಟೆಸ್ಟ್ಸ್’ ಅಂತ ಇಟ್ಟಿದ್ದರು. ಪೈಥಾನ್ ಭಾಷೆಯ ಟೆಸ್ಟ್‌ಗಳನ್ನು ಓಡಿಸಲು ನಾವು ಬಳಸುವ ಟೂಲ್ ಪೈಟೆಸ್ಟ್. ಬೇರೆ ಏನೂ ಹೇಳದಿದ್ದರೆ ಅದು ‘ಟೆಸ್ಟ್’ ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾಗುವ, ಇಲ್ಲವೇ ಅಂಡರ್‌ಸ್ಕೋರ್ ಮತ್ತು ‘ಟೆಸ್ಟ್’ ಅಂತ ಮುಗಿಯುವ ಫೈಲ್‌ಗಳನ್ನು ಮಾತ್ರ ತೆರೆದು ನೋಡುತ್ತದೆ. ಒಂದು ‘ಎಸ್’ ಜಾಸ್ತಿಯಾಯಿತು, ಇಡೀ ಫೈಲು ಅದರ ಕಣ್ಣಿಗೆ ಬೀಳಲಿಲ್ಲ. ಓಡದ ಟೆಸ್ಟ್ ಫೇಲ್ ಆಗುವುದಾದರೂ ಹೇಗೆ? ಹಾಗಾಗಿ ಬಣ್ಣ ಹಸಿರು.

ಒಂದೂ ಟೆಸ್ಟ್ ಸಿಗದೇ ಹೋಗಿದ್ದರೆ ಪೈಟೆಸ್ಟ್ 5 ಅನ್ನುವ ಎಕ್ಸಿಟ್ ಕೋಡ್ (ಮುಗಿಯುವಾಗ ಕೊಡುವ ಸಂಕೇತ ಸಂಖ್ಯೆ) ಕೊಟ್ಟು ಬಿಲ್ಡ್ ನಿಲ್ಲಿಸುತ್ತಿತ್ತು. ಸ್ವಲ್ಪ ಸಿಕ್ಕಿ ಸ್ವಲ್ಪ ಸಿಗದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಪೈಥಾನ್ ಜೊತೆಗೇ ಬರುವ ಯೂನಿಟೆಸ್ಟ್ ಅನ್ನುವ ಟೂಲ್ ಅಂತೂ 2023ರಲ್ಲಿ ಪೈಥಾನ್ 3.12 ಬರುವವರೆಗೆ ಸೊನ್ನೆ ಟೆಸ್ಟ್ ಓಡಿಸಿಯೂ ‘ಓಕೆ’ ಅನ್ನುತ್ತಿತ್ತು.

ಫೇಲ್ ಆದ ಟೆಸ್ಟ್‌ನ ಬಗ್ಗೆ ನಾವೆಲ್ಲ ತುಂಬಾ ತಲೆ ಕೆಡಿಸಿಕೊಳ್ಳುತ್ತೇವೆ. ಯಾವ ಸಾಲು, ಏನು ಬರಬೇಕಿತ್ತು, ಏನು ಬಂತು, ಎಲ್ಲ ಬೇಕು. ಪಾಸ್ ಆದದ್ದರ ಬಗ್ಗೆ ಯಾರೂ ಕೇಳುವುದಿಲ್ಲ. ಟೂಲ್‌ಗಳೂ ಹಾಗೇ ಬೆಳೆದಿವೆ. ಪೈಟೆಸ್ಟ್ ಪಾಸ್‌ಗೆ ಒಂದು ಚುಕ್ಕಿ ಹಾಕಿ ಮುಂದೆ ಹೋಗುತ್ತದೆ. ಸಿ ಪ್ಲಸ್ ಪ್ಲಸ್ ಭಾಷೆಯವರ ಟೆಸ್ಟ್ ಟೂಲ್ ಕ್ಯಾಚ್2 ಪಾಸ್ ಆದ ಪರೀಕ್ಷೆಗಳ ವಿವರವನ್ನು ತಾನಾಗಿ ಬಾಯಿ ಬಿಡುವುದಿಲ್ಲ, ‘ಸಕ್ಸೆಸ್’ ಅನ್ನುವ ಆಯ್ಕೆ ಕೊಟ್ಟು ಕೇಳಬೇಕು. ಅದೇ ಭಾಷೆಯ ಗೂಗಲ್ ಟೆಸ್ಟ್ ಇದಕ್ಕೆ ಉಲ್ಟಾ. ಪ್ರತಿ ಟೆಸ್ಟ್‌ಗೂ ಓಡಿಸುವಾಗ ಒಂದು ಸಾಲು, ಮುಗಿದಾಗ ಇನ್ನೊಂದು. ಸಾವಿರ ಟೆಸ್ಟ್ ಇದ್ದರೆ ಎರಡು ಸಾವಿರ ಸಾಲು. ನಡುವೆ ಫೇಲ್ ಆದ ಒಂದನ್ನು ಹುಡುಕುವುದು ದಸರಾ ಜನಜಂಗುಳಿಯಲ್ಲಿ ಮಗು ಹುಡುಕಿದಂತೆ. ಅದಕ್ಕೇ ಅವರೂ ಆಮೇಲೆ ‘ಬ್ರೀಫ್’ ಅನ್ನುವ ಆಯ್ಕೆ ಕೊಟ್ಟರು.

ಗೋ ಭಾಷೆಯದ್ದು ಇನ್ನೂ ಬೇರೆ ರೀತಿ. ಒಂದು ಪ್ಯಾಕೇಜ್‌ಗೆ, ಅಂದರೆ ಒಟ್ಟಿಗಿಟ್ಟ ಕೋಡ್ ಫೈಲ್‌ಗಳ ಗುಂಪಿಗೆ, ಒಂದೇ ‘ಓಕೆ’. ಕೆಲವು ಸಲ ಅದರ ಪಕ್ಕ ‘ಕ್ಯಾಶ್ಡ್’ ಅಂತ ಇರುತ್ತದೆ. ಕೋಡ್ ಬದಲಾಗಿಲ್ಲ, ಹೋದ ಸಲದ ಫಲಿತಾಂಶವನ್ನೇ ಮತ್ತೆ ತೋರಿಸಿದ್ದೇನೆ ಅಂತ ಅರ್ಥ. ಅಂದರೆ ಈಗ ಟೆಸ್ಟ್ ಓಡಿಯೇ ಇಲ್ಲ. ಮುಚ್ಚಿಡದೆ ಹೇಳುತ್ತದಲ್ಲ, ಅದು ನನಗೆ ಇಷ್ಟ. ಓದದೆ ಮುಂದೆ ಹೋಗುವವರು ನಾವು.

ಪಾಸ್ ಆದದ್ದನ್ನು ಪರದೆ ತುಂಬ ತೋರಿಸಬೇಕು ಅಂತ ನಾನು ಹೇಳುತ್ತಿಲ್ಲ. ಕೂತು ಕೋಡ್ ಬರೆಯುವವನಿಗೆ ಚುಕ್ಕಿಯೇ ಸಾಕು. ಆದರೆ ರಾತ್ರಿ ಓಡಿದ್ದನ್ನು ಬೆಳಿಗ್ಗೆ ಬೇರೆಯವರು ನೋಡಿ ನಂಬಬೇಕು ಅಂದಾಗ ಚುಕ್ಕಿ ಸಾಲದು.

ಈ ವಿಷಯ ನನಗೆ ಸರಿಯಾಗಿ ಹೊಳೆದದ್ದು ಚಿಕ್ಕಪ್ಪನ ಜೊತೆ ಮಾತಾಡುವಾಗ. ಅವರು ಪಾಂಡವಪುರದ ಹತ್ತಿರ ಕಬ್ಬು ಬೆಳೆಯುತ್ತಾರೆ. ನನ್ನ ಕೆಲಸ ಏನು ಅಂತ ವಿವರಿಸಿ, ‘ಎಲ್ಲಾ ಸರಿಯಾಗಿದೆ ಅಂತ ಕಂಪ್ಯೂಟರ್ರೇ ಹೇಳುತ್ತೆ ಚಿಕ್ಕಪ್ಪ’ ಅಂದೆ. ಅವರು ನಕ್ಕರು. ‘ತೂಕ ಸರಿಯಾಗೈತೆ ಅಂತ ಬಾಯಲ್ಲಿ ಹೇಳ್ಬುಟ್ರೆ ಆಯ್ತದೇನೋ? ಚೀಟಿ ಕೊಡು ಅಂತೀನಿ ನಾನು.’ ಆ ಚೀಟಿಯಲ್ಲಿ ಗಾಡಿ ನಂಬರು, ತುಂಬಿದ ತೂಕ, ಖಾಲಿ ತೂಕ, ಉಳಿದದ್ದು, ತಾರೀಖು, ಹೊತ್ತು ಎಲ್ಲ ಇರುತ್ತದೆ. ತಕರಾರಿಲ್ಲದ ಗಾಡಿಗೂ ಚೀಟಿ ಉಂಟು. ತಕರಾರು ಇವತ್ತೇ ಬರಬೇಕೆಂದೇನಿಲ್ಲ, ಮುಂದಿನ ತಿಂಗಳು ಬಂದರೆ ತೋರಿಸಲು ಅದೊಂದೇ ಇರುವುದು. ನಮ್ಮ 188 ಪಾಸ್‌ಗಳಿಗೆ ಅಂಥದ್ದೊಂದು ಚೀಟಿ ಇರಲಿಲ್ಲ.

ಚೀಟಿ ಅಂತ ಹುಡುಕಲು ಹೊರಟರೆ ಬಹಳ ಜನರಿಗೆ ಸಿಗುವುದು ಜೆಯೂನಿಟ್ (ಜಾವಾ ಭಾಷೆಯ ಟೆಸ್ಟ್ ಟೂಲ್) ಮಾದರಿಯ ಎಕ್ಸ್‌ಎಂಎಲ್ ಫೈಲ್, ಅಂದರೆ ಫಲಿತಾಂಶಗಳನ್ನು ಗುರುತು ಹಾಕಿ ಬರೆದಿಡುವ ಫೈಲ್. ಜೆಯೂನಿಟ್ಟನ್ನು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ವಿಮಾನದಲ್ಲಿ ಕೂತು ಬರೆಯಲು ಶುರು ಮಾಡಿದರು. ಈ ಎಕ್ಸ್‌ಎಂಎಲ್ ಮಾತ್ರ ಆಮೇಲೆ ಆಂಟ್ ಅನ್ನುವ ಬಿಲ್ಡ್ ಟೂಲಿನ ಮೂಲಕ ಹರಡಿದ್ದು. ಇವತ್ತು ಜಾವಾ ಅಲ್ಲದ ಭಾಷೆಗಳ ಟೂಲ್‌ಗಳೂ ಇದನ್ನೇ ಬರೆಯುತ್ತವೆ. ಇದರಲ್ಲಿ ಒಂದು ವಿಚಿತ್ರ ಇದೆ. ಫೇಲ್‌ಗೆ ಗುರುತಿದೆ, ಎರರ್‌ಗೆ (ಟೆಸ್ಟ್ ನಡುವೆಯೇ ಮುರಿದುಬಿದ್ದದ್ದು) ಇದೆ, ಸ್ಕಿಪ್‌ಗೂ (ಓಡಿಸದೆ ಬಿಟ್ಟದ್ದು) ಇದೆ. ಪಾಸ್‌ಗೆ ಮಾತ್ರ ಇಲ್ಲ. ಟೆಸ್ಟ್‌ನ ಹೆಸರು ಇದ್ದು ಒಳಗೆ ಈ ಮೂರೂ ಇಲ್ಲದಿದ್ದರೆ ಪಾಸ್ ಅಂತ ತಿಳಿಯಬೇಕು.

ನಮ್ಮ ಸ್ಕೂಲಿನ ನೋಟಿಸ್ ಬೋರ್ಡಿನಲ್ಲಿ ಪಾಸಾದವರ ನಂಬರ್ ಮಾತ್ರ ಹಾಕುತ್ತಿದ್ದರು. ನಂಬರ್ ಕಾಣದವನು ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದ. ಅಲ್ಲಿ ಸುಮ್ಮನಿದ್ದರೆ ಫೇಲ್, ಇಲ್ಲಿ ಸುಮ್ಮನಿದ್ದರೆ ಪಾಸ್! ಹಾಗಾಗಿ ಪಾಸ್ ಎಷ್ಟು ಅಂತ ಬೇಕಾದರೆ ಕಳೆಯುವ ಲೆಕ್ಕ ಮಾಡಬೇಕು: ಒಟ್ಟು ಟೆಸ್ಟ್‌ಗಳಲ್ಲಿ ಫೇಲ್, ಎರರ್, ಸ್ಕಿಪ್ ಮೂರನ್ನೂ ಕಳೆಯಬೇಕು. ಒಂದು ಕಡೆ ನೋಡಿದ ಡ್ಯಾಶ್‌ಬೋರ್ಡು ಬರೀ ಫೇಲ್ ಕಳೆದು ಉಳಿದದ್ದನ್ನೆಲ್ಲ ಪಾಸ್ ಅಂತ ತೋರಿಸುತ್ತಿತ್ತು. ಫೇಲ್ ಆಗುವುದನ್ನು ಸ್ಕಿಪ್ ಮಾಡಿದಷ್ಟೂ ಪಾಸಿನ ಶೇಕಡಾ ಏರುತ್ತಿತ್ತು. ಮೀಟಿಂಗಿನಲ್ಲಿ ಚಪ್ಪಾಳೆ ಬೇರೆ.

ನನಗೆ ಮೆಚ್ಚುಗೆಯಾದದ್ದು ಇದಕ್ಕಿಂತ ಹಳೆಯ ಟ್ಯಾಪ್ ಅನ್ನುವ ಪದ್ಧತಿ. 1987ರಲ್ಲಿ ಪರ್ಲ್ ಭಾಷೆ ಹುಟ್ಟಿದಾಗ ಅದರ ಜೊತೆಗೇ ಬಂದದ್ದು. ಮೊದಲ ಸಾಲಿನಲ್ಲೇ 1..40 ಅಂತ ಬರೆದುಬಿಡಬಹುದು, ನಾನು ನಲವತ್ತು ಓಡಿಸುತ್ತೇನೆ ಅಂತ. ಆಮೇಲೆ ‘ಓಕೆ 1’, ‘ಓಕೆ 2’, ‘ನಾಟ್ ಓಕೆ 3’ ಹೀಗೆ. ಪಾಸ್ ಆದದ್ದನ್ನೂ ನಂಬರ್ ಹಾಕಿ ಹೇಳುತ್ತದೆ. ಪ್ರೋಗ್ರಾಂ 31 ಮುಗಿಸಿ ಕುಸಿದು ಬಿದ್ದರೆ, ಫೇಲ್ ಒಂದೂ ಇಲ್ಲದಿದ್ದರೂ, ಒಂಬತ್ತು ಬರಲಿಲ್ಲ ಅಂತ ಓದುವವನಿಗೆ ತಿಳಿಯುತ್ತದೆ. ಮದುವೆ ಮನೆಯಲ್ಲಿ ಎಲೆ ಎಷ್ಟು ಅಂತ ಮೊದಲೇ ಹೇಳಿದ ಹಾಗೆ. ನಮ್ಮ 231 ಟೆಸ್ಟ್‌ಗಳಿಗೂ ಇಂಥ ಒಟ್ಟು ಲೆಕ್ಕ ಮೊದಲೇ ಬರೆದಿಟ್ಟಿದ್ದರೆ ಶನಿವಾರ ಬೆಳಿಗ್ಗೆಯೇ ಸಿಕ್ಕಿಬೀಳುತ್ತಿತ್ತು.

ಟೆಸ್ಟ್ ಓಡಿದೆ, ಪಾಸೂ ಆಗಿದೆ, ಆದರೂ ಏನನ್ನೂ ನೋಡಿಲ್ಲ ಅನ್ನುವುದು ಇನ್ನೊಂದು ಕಾಯಿಲೆ. ಒಳಗೆ ಒಂದೂ ಅಸರ್ಷನ್ (‘ಇದು ಹೀಗೇ ಇರಬೇಕು’ ಅನ್ನುವ ಪರಿಶೀಲನೆ) ಇಲ್ಲದ ಟೆಸ್ಟ್, ಕೋಡ್ ಕುಸಿದು ಬೀಳದಿದ್ದರೆ, ಫೇಲ್ ಆಗಲು ಕಾರಣವೇ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ‘ಅವೇಟ್’ (ಉತ್ತರ ಬರುವವರೆಗೆ ಕಾಯಿ ಅನ್ನುವ ಪದ) ಬರೆಯಲು ಮರೆತರೆ ಪರಿಶೀಲನೆ ನಡೆಯುವ ಮೊದಲೇ ಟೆಸ್ಟ್ ಮುಗಿದು ಪಾಸ್ ಆಗಿರಬಹುದು. ಅದಕ್ಕೆ ಆ ಭಾಷೆಯ ಜೆಸ್ಟ್ ಅನ್ನುವ ಟೂಲ್‌ನಲ್ಲಿ ‘ಇಷ್ಟು ಅಸರ್ಷನ್ ನಡೆಯಲೇಬೇಕು’ ಅಂತ ಮೊದಲೇ ಹೇಳುವ ಸೌಲಭ್ಯ ಇದೆ. ಪಿಎಚ್‌ಪಿ ಭಾಷೆಯ ಪಿಎಚ್‌ಪಿಯೂನಿಟ್ ಇನ್ನೂ ಒಂದು ಹೆಜ್ಜೆ ಮುಂದೆ. ಎಷ್ಟು ಟೆಸ್ಟ್ ಅನ್ನುವುದರ ಪಕ್ಕದಲ್ಲೇ ಎಷ್ಟು ಅಸರ್ಷನ್ ಅಂತಲೂ ಬರೆಯುತ್ತದೆ, ಒಂದೂ ಇಲ್ಲದ್ದನ್ನು ‘ರಿಸ್ಕಿ’ ಅಂತ ಬೇರೆ ತೋರಿಸುತ್ತದೆ. ಆ ಎರಡನೇ ಸಂಖ್ಯೆಗೆ ನಾನು ಬೆಲೆ ಕೊಡುತ್ತೇನೆ. ಪೈಟೆಸ್ಟ್‌ನಲ್ಲಿ ಅದು ಕಾಣುವುದಿಲ್ಲ, ಕೊರತೆಯೇ ಸರಿ. ಪೈಥಾನ್‌ನಲ್ಲಿ ಒಂದೇ ಫೈಲಿನಲ್ಲಿ ಎರಡು ಟೆಸ್ಟ್‌ಗೆ ಒಂದೇ ಹೆಸರು ಇಟ್ಟರೆ ಮೊದಲನೆಯದು ಸದ್ದಿಲ್ಲದೆ ಅಳಿಸಿಹೋಗುತ್ತದೆ ಅನ್ನುವುದೂ ನೆನಪಿರಲಿ. ಕಾಪಿ ಪೇಸ್ಟ್ ಮಾಡುವವರಿಗೆ ಇದು ವಾರಕ್ಕೊಮ್ಮೆ ಆಗುತ್ತದೆ.

ಮೂರನೇ ಅಟೆಂಪ್ಟ್‌ನಲ್ಲಿ ಪಾಸಾದವರನ್ನು ಏನು ಮಾಡೋಣ? ಫೇಲ್ ಆದದ್ದನ್ನು ತಾನಾಗಿ ಮತ್ತೆ ಓಡಿಸುವ ವ್ಯವಸ್ಥೆ ಈಗ ಎಲ್ಲ ಕಡೆ ಇದೆ. ಕೊನೆಗೆ ಪಾಸ್ ಆದರೆ ಪಾಸ್ ಅಂತಲೇ ಬರೆದುಬಿಟ್ಟರೆ, ಎರಡು ಸಲ ಎಡವಿದ ಸಂಗತಿ ಮುಚ್ಚಿಹೋಗುತ್ತದೆ. ವೆಬ್ ಪುಟಗಳನ್ನು ಪರೀಕ್ಷಿಸುವ ಪ್ಲೇರೈಟ್ ಅಂಥದ್ದನ್ನು ‘ಫ್ಲೇಕಿ’ (ನೆಚ್ಚಲಾಗದ್ದು) ಅಂತ ಬೇರೆ ಸಾಲಿನಲ್ಲಿ ಇಡುತ್ತದೆ. ಅದೇ ಸರಿ.

ಟೆಸ್ಟ್ ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವುದು ಕೂಡ ಬೇಕು. ಮಂಡ್ಯ ಕಡೆಯವರಿಗೆ ಕೆಆರ್‌ಎಸ್‌ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ಬಾಯಿಪಾಠ. ಪೇಪರಿನವರು ‘ಅಣೆಕಟ್ಟೆ ಚೆನ್ನಾಗಿದೆ’ ಅಂತ ಬರೆಯುವುದಿಲ್ಲ. ಇವತ್ತಿನ ಮಟ್ಟ, ಒಳಹರಿವು, ಹೊರಹರಿವು ಅಂತ ಅಂಕಿ ಕೊಡುತ್ತಾರೆ. ಎರಡು ಸೆಕೆಂಡಿನಲ್ಲಿ ಪಾಸ್ ಆಗುತ್ತಿದ್ದ ಟೆಸ್ಟ್ ಈಗ ಒಂಬತ್ತು ಸೆಕೆಂಡ್ ತೆಗೆದುಕೊಳ್ಳುತ್ತಿದ್ದರೆ ಅದು ಇನ್ನೂ ಹಸಿರೇ, ಆದರೆ ಒಳಗೆ ಏನೋ ನಡೆದಿದೆ. ಪಾಸ್ ಆದವುಗಳ ಹೊತ್ತನ್ನು ಬರೆದಿಟ್ಟವರಿಗೆ ಮಾತ್ರ ಅದು ಕಾಣುತ್ತದೆ.

ಆ ಸೋಮವಾರದ ನಂತರ ನಾವು ಮಾಡಿಕೊಂಡದ್ದು ಸ್ವಲ್ಪವೇ. ಪರದೆಯಲ್ಲಿ ಮೊದಲಿನಂತೆ ಚುಕ್ಕಿ. ಫೈಲಿನಲ್ಲಿ ಪ್ರತಿ ಪಾಸ್‌ಗೂ ಹೆಸರು, ಹೊತ್ತು, ಜೊತೆಗೆ ಟೆಸ್ಟ್ ಪ್ರಿಂಟ್ ಮಾಡಿದ ಅಂಕಿಗಳು. ಪೈಟೆಸ್ಟ್ ಪಾಸ್ ಆದ ಟೆಸ್ಟ್‌ನ ಪ್ರಿಂಟನ್ನು ತೋರಿಸುವುದಿಲ್ಲ, ಎಕ್ಸ್‌ಎಂಎಲ್‌ಗೂ ತಾನಾಗಿ ಹಾಕುವುದಿಲ್ಲ. ಕೇಳಿ ಹಾಕಿಸಬೇಕು. ಟೆಸ್ಟ್‌ಗಳ ಸಂಖ್ಯೆ ಹೋದ ಸಲಕ್ಕಿಂತ ಕಡಿಮೆಯಾದರೆ ಬಿಲ್ಡ್ ಕೆಂಪು. ಬೇಕೆಂದೇ ತೆಗೆದಿದ್ದರೆ ತೆಗೆದವರು ಹೊಸ ಸಂಖ್ಯೆಯನ್ನು ಕೈಯಾರೆ ಬರೆಯಬೇಕು. ಎರಡು ವಾರ ಗೊಣಗಾಟ ಇತ್ತು, ಆಮೇಲೆ ನಿಂತಿತು.

ಬೆಳಗಿನ ಮೇಲ್‌ನ ಮೊದಲ ಸಾಲು ಈಗ ಹೀಗಿರುತ್ತದೆ: ‘ಇರಬೇಕಾದ್ದು 231, ಓಡಿದ್ದು 229, ಪಾಸ್ 229, ಸ್ಕಿಪ್ 2.’ ಆ ಎರಡರ ಪಕ್ಕ ಕಾರಣವೂ ಇದೆ, ‘ಚೀಟಿ ಪ್ರಿಂಟರ್ ಬಂದ ಮೇಲೆ’ ಅಂತ. ಪ್ರಿಂಟರ್ ಬಂದು ಮೂರು ತಿಂಗಳಾಯಿತು. ಡಬ್ಬ ನನ್ನ ಮೇಜಿನ ಕೆಳಗೇ ಇದೆ, ಇನ್ನೂ ಯಾರೂ ಬಿಚ್ಚಿಲ್ಲ.