ನ್ಯಾನೊ ಕಣಕ್ಕೆ ಗಡ್ಡೆಯ ದಾರಿ ಗೊತ್ತಾ?

"ಅಮ್ಮನಿಗೆ ಕೀಮೊ ಬೇಡ, ನ್ಯಾನೊ ಔಷಧಿ ಕೊಡಿಸೋಣ ಅಂತಿದ್ದೇವೆ. ಅದು ನೇರವಾಗಿ ಗಡ್ಡೆಗೇ ಹೋಗುತ್ತಂತೆ, ಸೈಡ್ ಎಫೆಕ್ಟ್ ಇರಲ್ಲವಂತೆ. ನಿಜವಾ?"

ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಇರಲಿ, ಇನ್ನೊಮ್ಮೆ ಹೇಳುತ್ತೇನೆ. ನ್ಯಾನೊ ಔಷಧಿಯೂ ಕೀಮೊನೇ. ಡಾಕ್ಸಿಲ್ ಅನ್ನೋ ನ್ಯಾನೊ ಔಷಧಿ ನೋಡಿ. ಒಳಗಿರುವುದು ಅದೇ ಹಳೆಯ ಕೀಮೊ ಔಷಧಿ, ಡಾಕ್ಸೊರುಬಿಸಿನ್. ಅದನ್ನು ಕೊಬ್ಬಿನ ಪುಟ್ಟ ಗುಳ್ಳೆಯಲ್ಲಿ, ಅಂದರೆ ನ್ಯಾನೊ ಕಣದಲ್ಲಿ, ತುಂಬಿದ್ದಾರೆ, ಅಷ್ಟೇ.

ಆ ಗುಳ್ಳೆ ಗಡ್ಡೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ರಕ್ತ ಹರಿದ ಕಡೆಗೆಲ್ಲ ಹೋಗುತ್ತದೆ. ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದಿರುತ್ತವೆ, ಗೋಡೆಯಲ್ಲಿ ಸಂದುಗಳು ಜಾಸ್ತಿ. ಅಲ್ಲಿ ಒಂದಿಷ್ಟು ಸೋರಿ ಉಳಿಯುತ್ತದೆ. ಬಹಳಷ್ಟನ್ನು ಲಿವರ್, ಗುಲ್ಮ ಹಿಡಿದುಕೊಳ್ಳುತ್ತವೆ. 2016ರಲ್ಲಿ ಟೊರೊಂಟೊದ ಸಂಶೋಧಕರು ನ್ಯಾನೊ ಕಣಗಳ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಹೆಚ್ಚಿನವು ಇಲಿಗಳ ಮೇಲೆ ನಡೆದವು. ಗಡ್ಡೆ ಮುಟ್ಟಿದ್ದು ಕೊಟ್ಟ ಡೋಸಿನ ಸುಮಾರು ಶೇ. 0.7 ಮಾತ್ರ! ಇದನ್ನು 'ನೇರವಾಗಿ' ಅನ್ನೋಕಾಗುತ್ತಾ?

ಉಪಯೋಗವೇ ಇಲ್ಲವೆಂದಲ್ಲ. ಡಾಕ್ಸಿಲ್‌ನಿಂದ ಹೃದಯಕ್ಕೆ ಪೆಟ್ಟು ಕಡಿಮೆ, ಕೂದಲೂ ಅಷ್ಟಾಗಿ ಉದುರುವುದಿಲ್ಲ. ಆದರೆ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುವುದುಂಟು. ಬಿಸಿ ತಾಗಿದಾಗ ಔಷಧಿ ಬಿಡುವ ಗುಳ್ಳೆಯನ್ನೂ ಮಾಡಿದರು, ಥರ್ಮೊಡಾಕ್ಸ್ ಅಂತ. ಲಿವರ್ ಕ್ಯಾನ್ಸರ್ ಇದ್ದ 701 ಜನರಲ್ಲಿ ಪರೀಕ್ಷಿಸಿದರು. 2013ರಲ್ಲಿ ಬಂದ ಫಲಿತಾಂಶ ನಿರಾಸೆಯದು.

ಔಷಧಿ ಗಡ್ಡೆಯ ಹತ್ತಿರವೇ ಇರಬೇಕೆಂದರೆ ಯಾರಾದರೂ ಅಲ್ಲಿ ಇಟ್ಟು ಬರಬೇಕು. ಔಷಧಿ ಬೆರೆಸಿದ ಜೆಲ್, ಅಂದರೆ ಲೋಳೆಯಂಥ ವಸ್ತು, ಮಾಡುವ ಕೆಲಸ ಅದೇ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕ ಜೆಲ್ಮೈಟೊ ನೋಡಿ. ಕಿಡ್ನಿಯಿಂದ ಮೂತ್ರ ಇಳಿಯುವ ದಾರಿಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರಿಗೆ ಇದು. ಮೈಟೊಮೈಸಿನ್ ಅನ್ನೋ ಕೀಮೊ ಔಷಧಿ ಬೆರೆಸಿ, ಸಣ್ಣ ನಳಿಕೆಯಲ್ಲಿ ಒಳಗೆ ಬಿಡುತ್ತಾರೆ. ವಾರಕ್ಕೊಂದರಂತೆ ಆರು ಸಲ. ಬರೀ ನೀರಿನಂತಿದ್ದರೆ ಮೂತ್ರದ ಜೊತೆ ಬೇಗ ಹೊರಟುಹೋಗುತ್ತಿತ್ತು. ಇದು ಗಟ್ಟಿಯಾಗಿ ಕೂತು, ಗಂಟೆಗಟ್ಟಲೆ ನಿಧಾನವಾಗಿ ಕರಗುತ್ತದೆ. ಮೂತ್ರ ನೇರಳೆಯೋ ನೀಲಿಯೋ ಆದರೆ ಗಾಬರಿ ಬೇಡ, ಅದು ಔಷಧಿಯ ಬಣ್ಣ. ಸೈಡ್ ಎಫೆಕ್ಟ್ ಇದಕ್ಕೂ ಇದೆ. ಮೂತ್ರನಾಳ ಕಟ್ಟಿಕೊಳ್ಳಬಹುದು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ತುಪ್ಪ ಬಿಸಿಗೆ ಕರಗುತ್ತದೆ, ಈ ಜೆಲ್ ಬಿಸಿಗೆ ಗಟ್ಟಿಯಾಗುತ್ತದೆ! ಇದರ ಒಂದೊಂದು ಅಣುವಿನ ಎರಡು ತುದಿಗೂ ನೀರು ಇಷ್ಟ, ನಡುಭಾಗಕ್ಕೆ ಅಷ್ಟಕ್ಕಷ್ಟೇ. ತಣ್ಣಗಿರುವಾಗ ನಡುಭಾಗವೂ ನೀರಿನ ಜೊತೆ ಹೇಗೋ ಹೊಂದಿಕೊಳ್ಳುತ್ತದೆ. ಬಿಸಿ ಏರಿದರೆ ಈ ನಡುಭಾಗಗಳು ನೀರನ್ನು ದೂರ ತಳ್ಳಿ ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ. ಉಂಡೆಗಳು ಒತ್ತೊತ್ತಾಗಿ ಕೂತರೆ ಜೆಲ್. ಅದಕ್ಕೇ ಕೊಡುವ ಮುಂಚೆ ಐಸಿನಲ್ಲಿಟ್ಟು 5 ಡಿಗ್ರಿಗೆ ಇಳಿಸುತ್ತಾರೆ. ಕೈ ತಡವಾಗಿ ಸಿರಿಂಜಿನಲ್ಲೇ ಗಟ್ಟಿಯಾದರೆ ಮತ್ತೆ ತಣ್ಣಗೆ ಮಾಡಿದರಾಯಿತು, ಪುನಃ ನೀರಾಗುತ್ತದೆ.